ಬಗ್ಗಡದ ನೀರು ತಿಳಿಯಾಗುವ ಬಗೆ

ಕಲಾವಿಭಾಗದ ವಿದ್ಯಾರ್ಥಿ ರಸಾಯನಶಾಸ್ತ್ರಕ್ಕೆ ಕೈಹಾಕಿದನೆಂದು ಗುರುಗಳು ನಕ್ಕಾರು. ಆದರೆ ಈ ವಿಷಯಕ್ಕೆ ನನ್ನನ್ನು ಎಳೆದದ್ದು ಪುಸ್ತಕವಲ್ಲ, ಗುಂಡ್ಲುಪೇಟೆಯ ಬಳಿಯ ನಮ್ಮ ಮನೆಯ ನೀರಿನ ಕೊಡ. ಗುಂಡ್ಲುಪೇಟೆ ಕುಡಿಯುವ ನೀರಿಗೆ ಕಬಿನಿಯನ್ನು ನೆಚ್ಚಿದೆ. ವೈನಾಡಿನಲ್ಲಿ ಮುಂಗಾರು ಹಿಡಿಯಿತೆಂದರೆ ಆ ಹೊಳೆ ಕೆಂಪಗೆ ಹರಿಯುತ್ತದೆ. ಮಳೆಗಾಲದಲ್ಲಿ ನಮ್ಮೂರ ಬಾವಿಯದೂ ಅದೇ ಬಣ್ಣ.

ಕೊಡವನ್ನು ಅಲುಗಿಸದೆ ಇಟ್ಟರೆ ಮಣ್ಣು ತಾನೇ ಇಳಿಯದೆ? ಮರಳೇನೋ ಇಳಿಯುತ್ತದೆ. ಮಿಲಿಮೀಟರಿನ 10ನೆಯ ಒಂದಂಶ ಗಾತ್ರದ ಮರಳಿನ ಕಣ 1 ಮೀಟರು ಇಳಿಯಲು ಸುಮಾರು 2 ನಿಮಿಷ ಸಾಕು. ಅದರ 100ನೆಯ ಒಂದಂಶ ಗಾತ್ರದ ಜೇಡಿಯ ಕಣಕ್ಕೆ ಸ್ಟೋಕ್ಸನ ಸೂತ್ರದಂತೆ ಸುಮಾರು 12 ದಿನ ಬೇಕು! ಸಾಲದುದಕ್ಕೆ ಈ ಕಣಗಳೆಲ್ಲ ಋಣವಿದ್ಯುತ್ತುಳ್ಳವು. ಒಂದನ್ನೊಂದು ದೂರ ತಳ್ಳುತ್ತವೆಯೇ ಹೊರತು ಕೂಡಿ ದಪ್ಪವಾಗಲೊಲ್ಲವು.

ಈ ಜಗಳವನ್ನು ಬಿಡಿಸುವುದೇ ಪಟಿಕದ ಕೆಲಸ. ಅದರ ಅಲ್ಯೂಮಿನಿಯಂ ಅಂಶ ಧನವಿದ್ಯುತ್ತಿನದು. ಕಣಗಳ ಋಣ ತೀರಿಸುತ್ತದೆ. ಜೊತೆಗೆ ಅಂಟಂಟಾದ ಹೈಡ್ರಾಕ್ಸೈಡಾಗಿ ಅವನ್ನು ಹಿಂಜಿದ ಹತ್ತಿಯಂತೆ ಕೂಡಿಸುತ್ತದೆ. ಮೊದಲು ಬೇಗಬೇಗ ಕಲಕಿ, ಆಮೇಲೆ ನಿಧಾನಿಸಬೇಕು. ಕಡೆಯವರೆಗೂ ರಭಸವಾದರೆ ಕೂಡಿದ್ದು ಒಡೆಯುತ್ತದೆ. ನಮ್ಮಜ್ಜಿ ಕೊಡದ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದುದೂ ಇದೇ ಜಾತಿಯ ಉಪಾಯ. ಹೆಚ್ಚು ಹಾಕಿದರೆ ಹೆಚ್ಚು ತಿಳಿಯಾದೀತೆಂದು ನಾನೊಮ್ಮೆ ಪಟಿಕವನ್ನು ಎರಡರಷ್ಟು ಹಾಕಿದೆ. ನೀರು ಒಗರಾಯಿತು, ಬಗ್ಗಡ ಉಳಿಯಿತು. ಮಿತಿಮೀರಿದರೆ ಕಣಗಳೆಲ್ಲ ಧನವಿದ್ಯುತ್ತು ತಳೆದು ಮತ್ತೆ ಬೇರ್ಪಡಬಹುದೆಂದು ಆಮೇಲೆ ಓದಿದೆ.

ಕೆರೆನೀರಿನ ಪಾಚಿ ಹಗುರ. ಕೂಡಿದರೂ ಬೇಗ ಮುಳುಗದು. ಅದನ್ನು ತೇಲಿಸುವುದೇ ಜಾಣತನ. ಸೋಡಕ್ಕೆ ಒಣದ್ರಾಕ್ಷಿ ಹಾಕಿ ನೋಡಿ, ಗುಳ್ಳೆಗಳನ್ನು ಅಂಟಿಸಿಕೊಂಡು ಮೇಲೇರುತ್ತದೆ. ಅದೇ ರೀತಿ, ನೀರಿನ ಒಂದು ಪಾಲಿನಲ್ಲಿ ವಾತಾವರಣದ 4-6 ಪಟ್ಟು ಒತ್ತಡದಿಂದ ಗಾಳಿ ಕರಗಿಸಿ, ಪಟಿಕ ಬೆರೆತ ತೊಟ್ಟಿಯ ಬುಡದಲ್ಲಿ ಥಟ್ಟನೆ ಬಿಡುತ್ತಾರೆ. ಸಣ್ಣ ಗುಳ್ಳೆಗಳೆದ್ದು ನೀರು ಹಾಲಿನಂತಾಗುತ್ತದೆ, ಕಸ ಕೆನೆಗಟ್ಟುತ್ತದೆ; ಕೆನೆ ತೆಗೆದರಾಯಿತು. 1960ರ ದಶಕದಲ್ಲಿ ಸ್ಕ್ಯಾಂಡಿನೇವಿಯ, ದಕ್ಷಿಣ ಆಫ್ರಿಕಗಳಲ್ಲಿ ಕುಡಿಯುವ ನೀರಿಗೆ ಈ ಕ್ರಮ ಬಳಕೆಗೆ ಬಂತು. ಮುಂಗಾರಿನ ಕಬಿನಿಯ ಮಣ್ಣಿಗೆ ಮಾತ್ರ ಇಳಿಸುವ ತೊಟ್ಟಿಯೇ ಸರಿಯೆಂದು ನನ್ನೆಣಿಕೆ.

ಒಂದು ಮಾತು ಬಿಟ್ಟಿದ್ದೆ. ತಿಳಿಯಾಯಿತಲ್ಲ ಎಂದು ನಾನು ಕಾಯಿಸದೆ ಕೊಟ್ಟ ಬಾವಿನೀರು ಕುಡಿದು ನನ್ನ ತಂಗಿ ಮೂರು ದಿನ ಭೇದಿಯಿಂದ ನರಳಿದಳು. ಪಟಿಕದಿಂದ ಕ್ರಿಮಿಗಳು ಕಡಿಮೆಯಾದಾವು, ಆದರೆ ಸಾಯವು. ಈಗ ನಮ್ಮ ಮನೆಯಲ್ಲಿ ತಿಳಿನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ ಆರಿಸಿದ ಮೇಲೆಯೇ ಲೋಟಕ್ಕೆ ಬಗ್ಗಿಸುವುದು.