ನುಂಗಂಬಾಕ್ಕಂ ವೇಳೆ ಮತ್ತು ನವೋದಯ ಕವಿಗಳ ಜನ್ಮದಿನ: ಜಾಲತಾಣಗಳಲ್ಲಿನ ಕಾಲದೋಷ ಕುರಿತು ಒಂದು ವಿವೇಚನೆ

ಕನ್ನಡ ಸಾಹಿತ್ಯ ಚರಿತ್ರೆಯ ಅಧ್ಯಯನದಲ್ಲಿ ಕಾಲನಿರ್ಣಯಕ್ಕೆ ಇರುವ ಸ್ಥಾನವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕವಿಯೊಬ್ಬನ ಕಾಲವನ್ನು ಹತ್ತು ವರ್ಷ ಹಿಂದಕ್ಕೋ ಮುಂದಕ್ಕೋ ಸರಿಸಲು ವಿದ್ವಾಂಸರು ತಮ್ಮ ಆಯುಷ್ಯದ ಬಹುಭಾಗವನ್ನೇ ವ್ಯಯಿಸಿರುವುದುಂಟು. ಶಾಸನದ ತಿಥಿ, ವಾರ, ನಕ್ಷತ್ರಗಳನ್ನು ಹೋಲಿಸಿ ನೋಡಲು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿ 1922ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಪಂಚಾಂಗ ಸಂಪುಟಗಳು ಇಂದಿಗೂ ಶಾಸನತಜ್ಞರ ಮೇಜಿನ ಮೇಲಿವೆ. ಆದರೆ ಇಂದಿನ ವಿದ್ಯಾರ್ಥಿಯು ಕವಿಯ ಜನ್ಮದಿನವನ್ನು ತಿಳಿಯಲು ಮೊದಲು ತೆರೆಯುವುದು ಜಾಲತಾಣವನ್ನು. ಅಲ್ಲಿ ಒಂದೇ ಕವಿಗೆ ಎರಡು ಜನ್ಮದಿನಗಳು ಕಾಣಿಸಿದಾಗ ಅದನ್ನು ಆಕರಗಳ ಭಿನ್ನಾಭಿಪ್ರಾಯವೆಂದು ಭಾವಿಸುವುದು ಸಹಜ. ಹಲವು ಸಂದರ್ಭಗಳಲ್ಲಿ ಆಕರಗಳು ಒಮ್ಮತವಾಗಿಯೇ ಇರುತ್ತವೆ. ಭೇದ ಹುಟ್ಟುವುದು ಪುಟವನ್ನು ಸಿದ್ಧಪಡಿಸುವ ಯಂತ್ರದ ಒಳಗೆ. ಆ ಭೇದದ ಒಂದು ಬೇರು ಚೆನ್ನೈನ ನುಂಗಂಬಾಕ್ಕಂನಲ್ಲಿದೆ.

ಜಾಲತಾಣವೆಂಬುದು ಅಚ್ಚಾದ ಪುಟವಲ್ಲ. ಓದುಗನು ಕೇಳಿದೊಡನೆ ಸರ್ವರ್ ಎಂಬ ದೂರದ ಗಣಕವು ಆ ಪುಟವನ್ನು ಆ ಕ್ಷಣದಲ್ಲಿ ರಚಿಸಿ ಕಳುಹಿಸುತ್ತದೆ. ಹೀಗೆ ರಚಿಸಲು ಬಳಕೆಯಾಗುವ ಭಾಷೆಗಳಲ್ಲಿ ಬಹಳ ವ್ಯಾಪಕವಾದುದು ಪಿಎಚ್‌ಪಿ. ರಾಸ್ಮಸ್ ಲೆರ್ಡಾರ್ಫ್ ಎಂಬವರು ಇದನ್ನು 1995ರಲ್ಲಿ ಮೊದಲು ಬಹಿರಂಗಪಡಿಸಿದರು. ಈ ಭಾಷೆಯಲ್ಲಿ ಬರೆಯಲಾದ ವರ್ಡ್‌ಪ್ರೆಸ್ ಎಂಬ ತಂತ್ರಾಂಶ 2003ರಲ್ಲಿ ಬಂದಿತು. ಕನ್ನಡದ ಎಷ್ಟೋ ಪತ್ರಿಕೆಗಳೂ ಸಾಹಿತ್ಯ ತಾಣಗಳೂ ನಿಂತಿರುವುದು ಅದರ ಮೇಲೆ. ಮೂಲ ತಂತ್ರಾಂಶಕ್ಕೆ ಹೊರಗಿನಿಂದ ಜೋಡಿಸುವ ಚಿಕ್ಕ ಅಂಗಗಳಿಗೆ ಪ್ಲಗಿನ್ ಎಂದು ಹೆಸರು. 'ಇಂದಿನ ದಿನ ಜನಿಸಿದ ಸಾಹಿತಿಗಳು' ಎಂಬಂಥ ಪಟ್ಟಿಯನ್ನು ತೋರಿಸುವುದು ಸಾಮಾನ್ಯವಾಗಿ ಇಂಥ ಒಂದು ಪ್ಲಗಿನ್. ಬೇರೆ ಬೇರೆ ಕೈಗಳಿಂದ ಬಂದ ಈ ಅಂಗಗಳೆಲ್ಲ ಆಧಾರಪಡುವುದು ಕೆಳಗಿರುವ ಒಂದೇ ಭಾಷೆಯನ್ನು. ಆ ಭಾಷೆಯಲ್ಲಿ ಒಂದು ಎಳೆ ಸಡಿಲವಾದರೆ ಮೇಲಿನ ಪ್ಲಗಿನ್‌ಗಳು ಒಂದೊಂದೂ ಒಂದೊಂದು ಬಗೆಯಲ್ಲಿ ಎಡವುತ್ತವೆ.

ಪಿಎಚ್‌ಪಿಯು ಕಾಲವನ್ನು ದಿನಾಂಕದ ರೂಪದಲ್ಲಿ ಇಟ್ಟುಕೊಳ್ಳುವುದಕ್ಕಿಂತ ಹೆಚ್ಚಾಗಿ ಒಂದು ಎಣಿಕೆಯ ರೂಪದಲ್ಲಿ ಇಟ್ಟುಕೊಳ್ಳುತ್ತದೆ. 1970ರ ಜನವರಿ 1ರಂದು ಗ್ರೀನಿಚ್ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡುಗಳು ಕಳೆದವು ಎಂಬುದೇ ಆ ಎಣಿಕೆ. ಇದು ಯುನಿಕ್ಸ್ ವ್ಯವಸ್ಥೆಯಿಂದ ಬಂದ ಪಿತ್ರಾರ್ಜಿತ. ಅದಕ್ಕೆ ಹಿಂದಿನ ಕಾಲವನ್ನು ಋಣ ಸಂಖ್ಯೆಯಿಂದ ಸೂಚಿಸಬೇಕು. 2005ರಲ್ಲಿ 5.1ನೆಯ ಆವೃತ್ತಿ ಬರುವವರೆಗೆ ವಿಂಡೋಸ್ ಮೊದಲಾದ ಕೆಲವು ವ್ಯವಸ್ಥೆಗಳಲ್ಲಿ ಈ ಋಣ ಸಂಖ್ಯೆಗಳು ನಡೆಯುತ್ತಿರಲಿಲ್ಲ. ಅರ್ಥಾತ್ 1970ಕ್ಕೆ ಮುಂಚೆ ಹುಟ್ಟಿದವರಿಗೆ ಅಲ್ಲಿ ಜನ್ಮದಿನವೇ ಇರಲಿಲ್ಲ. ಎಣಿಕೆಯನ್ನು 32 ಬಿಟ್‌ಗಳ ಪಾತ್ರೆಯಲ್ಲಿ ಇಡುತ್ತಿದ್ದ ಗಣಕಗಳಲ್ಲಿ ಕೆಳಗಿನ ಗಡಿ 1901ರ ಡಿಸೆಂಬರ್ 13. ಶಿವರಾಮ ಕಾರಂತರು (10-10-1902) ಈ ಗಡಿಯ ಈಚೆಗೆ ಉಳಿದುಕೊಂಡರು, ಬೇಂದ್ರೆಯವರು (31-1-1896) ಆಚೆಗೆ ಬಿದ್ದರು. ದಿನಾಂಕವನ್ನು ಓದಲಾರದೆ ಹೋದಾಗ ಭಾಷೆಯು ಹಳೆಯ ಆವೃತ್ತಿಗಳಲ್ಲಿ ಋಣ ಒಂದನ್ನೂ ಮುಂದೆ 'ಅಸತ್ಯ' ಎಂಬ ಸಂಕೇತವನ್ನೂ ಹಿಂದಿರುಗಿಸುತ್ತಿತ್ತು. ಪ್ಲಗಿನ್ ಬರೆದವನು ಇದನ್ನು ಪರೀಕ್ಷಿಸದೆ ಮುಂದಕ್ಕೆ ಸಾಗಿಸಿದರೆ ಆ 'ಅಸತ್ಯ'ವು ಸೊನ್ನೆಯಾಗಿ, ಸೊನ್ನೆಯು 1970ರ ಜನವರಿ 1 ಆಗಿ ಪುಟದ ಮೇಲೆ ಬರುತ್ತದೆ. ಹಳೆಯ ಸಾಹಿತಿಗಳೆಲ್ಲರೂ ಒಂದೇ ದಿನ ಜನಿಸಿದಂತೆ ಕಾಣುವ ಪಟ್ಟಿಗಳ ಗುಟ್ಟು ಇದು.

ಓರೆಗೆರೆಯಿಂದ ಬರುವ ಪ್ರಮಾದ ಇನ್ನೂ ಸೂಕ್ಷ್ಮವಾದುದು. ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. ಪಿಎಚ್‌ಪಿಯು ಅಂಕಿಗಳ ನಡುವೆ ಓರೆಗೆರೆ ಕಂಡರೆ ಅಮೆರಿಕದ ಪದ್ಧತಿಯಂತೆ ಮೊದಲನೆಯದನ್ನು ತಿಂಗಳೆಂದು ಓದುತ್ತದೆ. ಅಡ್ಡಗೆರೆ ಕಂಡರೆ ನಮ್ಮ ಕ್ರಮವನ್ನು ಒಪ್ಪುತ್ತದೆ. ಕುವೆಂಪು ಅವರ 29/12/1904 ಎಂಬುದರಲ್ಲಿ ಇಪ್ಪತ್ತೊಂಬತ್ತನೆಯ ತಿಂಗಳು ಇಲ್ಲವಾದ್ದರಿಂದ ಓದು ವಿಫಲವಾಗುತ್ತದೆ, ದೋಷ ಎದ್ದು ಕಾಣುತ್ತದೆ. ಬಿ. ಎಂ. ಶ್ರೀಕಂಠಯ್ಯನವರ 3/1/1884 ಹಾಗಲ್ಲ. ಅದು ಯಾವ ಆಕ್ಷೇಪವೂ ಇಲ್ಲದೆ ಮಾರ್ಚ್ 1 ಆಗಿಬಿಡುತ್ತದೆ. ಮಾಸ್ತಿಯವರೂ (6-6-1891) ಕಾರಂತರೂ ತಮ್ಮ ಅಂಕಿಗಳ ಅದೃಷ್ಟದಿಂದ ಪಾರಾಗುತ್ತಾರೆ. ವಿಫಲವಾಗುವ ಓದಿಗಿಂತ ತಪ್ಪಾಗಿ ಸಫಲವಾಗುವ ಓದು ಹೆಚ್ಚು ಅಪಾಯಕಾರಿ ಎಂಬುದು ಹಸ್ತಪ್ರತಿಗಳ ಪಾಠಪರಿಷ್ಕರಣದಲ್ಲಿ ಕೈಯಾಡಿಸಿದವರಿಗೆಲ್ಲ ತಿಳಿದ ಸಂಗತಿ. ಕನ್ನಡ ಅಂಕಿಗಳಲ್ಲಿ ಬರೆದ ದಿನಾಂಕವನ್ನಂತೂ ಈ ಭಾಷೆ ಓದುವುದೇ ಇಲ್ಲ.

ಇವೆಲ್ಲ ತಿದ್ದಿಕೊಳ್ಳಬಹುದಾದ ದೋಷಗಳು. ನುಂಗಂಬಾಕ್ಕಂ ಸಂಬಂಧವುಳ್ಳ ದೋಷ ಬೇರೆ ಜಾತಿಯದು.

ಈಸ್ಟ್ ಇಂಡಿಯಾ ಕಂಪನಿಯ ಖಗೋಳ ವೀಕ್ಷಣಾಲಯದ ಕಟ್ಟಡ ನುಂಗಂಬಾಕ್ಕಂನಲ್ಲಿ ಪೂರ್ಣಗೊಂಡದ್ದು 1792ರಲ್ಲಿ. ವಿಲಿಯಂ ಪೆಟ್ರಿ ಎಂಬ ಅಧಿಕಾರಿಯು 1786ರಲ್ಲಿ ಖಾಸಗಿಯಾಗಿ ಆರಂಭಿಸಿದ್ದ ವೀಕ್ಷಣಾಲಯವೇ ಇದರ ಮೂಲ. ಹೊಸ ಕಟ್ಟಡದ ಯೋಜನೆ ಮೈಕೇಲ್ ಟಾಪಿಂಗ್ ಅವರದು. ಉಪಕರಣವನ್ನು ಅಲುಗದಂತೆ ಹೊರಲು ನಿಲ್ಲಿಸಿದ, ತಮಿಳು, ತೆಲುಗು, ಲ್ಯಾಟಿನ್ ಮೊದಲಾದ ಭಾಷೆಗಳ ಬರಹವುಳ್ಳ ಗ್ರಾನೈಟ್ ಕಂಬ ಇಂದು ಕಾಲೇಜು ರಸ್ತೆಯ ಪ್ರಾದೇಶಿಕ ಹವಾಮಾನ ಕೇಂದ್ರದ ಆವರಣದಲ್ಲಿದೆ. ಶಾಸನಾಭ್ಯಾಸಿಗಳು ಚೆನ್ನೈಗೆ ಹೋದಾಗ ನೋಡಬೇಕಾದ ಕಲ್ಲುಗಳಲ್ಲಿ ಅದೂ ಒಂದು. ಇಲ್ಲಿಯ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ ಅವರು ಮದರಾಸಿನ ರೇಖಾಂಶವನ್ನು ನಿರ್ಧರಿಸಿದರು. ಅದರಂತೆ ಮದರಾಸಿನ ವೇಳೆ ಗ್ರೀನಿಚ್‌ಗಿಂತ ಸುಮಾರು 5 ಗಂಟೆ 21 ನಿಮಿಷ ಮುಂದಿತ್ತು. ಬೊಂಬಾಯಿಗೂ ಕಲ್ಕತ್ತಕ್ಕೂ ನಡುವಣ ವೇಳೆಯಾದ್ದರಿಂದ ರೈಲ್ವೆಗಳು ಇದನ್ನು ಸ್ವೀಕರಿಸಿದವು. 1906ರ ಜನವರಿ 1ರಂದು 5 ಗಂಟೆ 30 ನಿಮಿಷದ ಭಾರತೀಯ ಪ್ರಮಾಣಕಾಲ ಜಾರಿಗೆ ಬಂದಿತು. ಖಗೋಳ ವೀಕ್ಷಣೆಯ ಕಾರ್ಯ ಅದಕ್ಕೆ ಮೊದಲೇ, 1899ರಲ್ಲಿ, ಕೊಡೈಕೆನಾಲಿಗೆ ಸ್ಥಳಾಂತರಗೊಂಡಿತ್ತು.

ಇತಿಹಾಸಕ್ಕೆ ಸೇರಿಹೋದ ಈ ವೇಳೆ ಇಂದಿನ ಗಣಕಗಳಲ್ಲಿ ಜೀವಂತವಾಗಿದೆ. ಜಗತ್ತಿನ ಪ್ರದೇಶಗಳ ಗಡಿಯಾರಗಳು ಯಾವ ಕಾಲದಲ್ಲಿ ಹೇಗಿದ್ದವೆಂಬುದನ್ನು ದಾಖಲಿಸುವ ಕಾಲವಲಯ ಕೋಶವೊಂದಿದೆ. ಬಹುಪಾಲು ಗಣಕ ವ್ಯವಸ್ಥೆಗಳು ಇದನ್ನೇ ಅನುಸರಿಸುತ್ತವೆ. ಪಿಎಚ್‌ಪಿಯು ಇದರ ಸ್ವಂತ ಪ್ರತಿಯೊಂದನ್ನು ತನ್ನೊಳಗೇ ಹೊತ್ತು ತಿರುಗುತ್ತದೆ. ಕೋಶದಲ್ಲಿ ಇಡೀ ಭಾರತಕ್ಕೆ ಇರುವುದು ಕೋಲ್ಕತದ ಹೆಸರಿನ ಒಂದೇ ನಮೂದು. ಅದರಲ್ಲಿ 1870ರಿಂದ 1906ರ ಆರಂಭದವರೆಗೆ ಬರೆದಿರುವ ವೇಳೆ 5 ಗಂಟೆ 21 ನಿಮಿಷ 10 ಸೆಕೆಂಡು, ಅಂದರೆ ನುಂಗಂಬಾಕ್ಕಂ ವೇಳೆ.

ಈಗ ಕುವೆಂಪು ಅವರ ಜನ್ಮದಿನವನ್ನು ಜಾಲತಾಣವೊಂದರಲ್ಲಿ ದಾಖಲಿಸುವ ಸಂದರ್ಭವನ್ನು ಊಹಿಸಿಕೊಳ್ಳಬಹುದು. ದಾಖಲಿಸುವ ಪ್ಲಗಿನ್ ಹಳೆಯ ರೀತಿಯದು. ಭಾರತವೆಂದರೆ ಎಂದೆಂದಿಗೂ ಐದೂವರೆ ಗಂಟೆ ಎಂದು ನಂಬಿ, 1904ರ ಡಿಸೆಂಬರ್ 29ರ ಮಧ್ಯರಾತ್ರಿಯಿಂದ ಐದೂವರೆ ಗಂಟೆ ಕಳೆದು, ಡಿಸೆಂಬರ್ 28ರ 18 ಗಂಟೆ 30 ನಿಮಿಷ ಎಂಬ ಗ್ರೀನಿಚ್ ಕ್ಷಣವನ್ನು ಕೂಡಿಡುತ್ತದೆ. ತೋರಿಸುವ ಭಾಗ ಹೊಸತು. ವರ್ಡ್‌ಪ್ರೆಸ್‌ನ ಕಾಲವಿಭಾಗವನ್ನು 2019ರಲ್ಲಿ, 5.3ನೆಯ ಆವೃತ್ತಿಯಲ್ಲಿ, ಪುನಾರಚಿಸಲಾಯಿತು. ಅಂದು ಬಂದ ಹೊಸ ವಿಧಿಯು ತಾಣಕ್ಕೆ ಗೊತ್ತುಮಾಡಿದ ಕಾಲವಲಯದ ಇತಿಹಾಸವನ್ನು ಕೋಶದಲ್ಲಿ ನೋಡುತ್ತದೆ. ಅದು 18 ಗಂಟೆ 30 ನಿಮಿಷಕ್ಕೆ 5 ಗಂಟೆ 21 ನಿಮಿಷ 10 ಸೆಕೆಂಡನ್ನು ಕೂಡಿಸುತ್ತದೆ. ಸಿಗುವುದು ಡಿಸೆಂಬರ್ 28ರ ರಾತ್ರಿ 23 ಗಂಟೆ 51 ನಿಮಿಷ 10 ಸೆಕೆಂಡು. ಪುಟದಲ್ಲಿ ಗಂಟೆ ಕಾಣುವುದಿಲ್ಲ, ದಿನ ಮಾತ್ರ ಕಾಣುತ್ತದೆ. ಕರ್ನಾಟಕದಲ್ಲಿ ವಿಶ್ವಮಾನವ ದಿನವಾಗಿ ಆಚರಿಸುವ ದಿನ ಹೀಗೆ ಒಂದು ದಿನ ಹಿಂದಕ್ಕೆ ಜಾರುತ್ತದೆ. ಜಾರಿಸಿದ್ದು 8 ನಿಮಿಷ 50 ಸೆಕೆಂಡುಗಳ ಅಂತರ. ನಮ್ಮ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಇಪ್ಪತ್ತೆರಡು ವಿಘಟಿ.

ಇದು ಒಬ್ಬ ಕವಿಗೆ ಸೀಮಿತವಾದ ಆಕಸ್ಮಿಕವಲ್ಲ. 1870ರಿಂದ 1905ರವರೆಗಿನ ಅವಧಿ ನವೋದಯದ ಮೊದಲ ತಲೆಮಾರು ಜನಿಸಿದ ಅವಧಿ. ಪಂಜೆ ಮಂಗೇಶರಾಯರು 1874, ಗೋವಿಂದ ಪೈಗಳು 1883, ಬಿ.ಎಂ.ಶ್ರೀ 1884, ಡಿ.ವಿ.ಜಿ. 1887, ಮಾಸ್ತಿ 1891, ಬೇಂದ್ರೆ 1896, ಕಾರಂತ 1902, ಕುವೆಂಪು 1904, ಪು.ತಿ.ನ. 1905. ಮೇಲೆ ಹೇಳಿದ ಎರಡು ಅಂಗಗಳು ಒಂದೇ ತಾಣದಲ್ಲಿ ಕೂಡಿದರೆ ಇವರೆಲ್ಲರ ಜನ್ಮದಿನ ಒಂದೊಂದು ದಿನ ಹಿಂಜರಿಯುತ್ತದೆ. 1909ರ ಗೋಕಾಕರು, 1915ರ ಕೆ. ಎಸ್. ನರಸಿಂಹಸ್ವಾಮಿ, 1918ರ ಅಡಿಗರು ಸುರಕ್ಷಿತರು. ಮುಂದಿನ ಕವಿಗಳ ದಿನಾಂಕ ಸರಿಯಾಗಿರುವುದನ್ನು ಕಂಡ ಸಂಪಾದಕನು ಪ್ಲಗಿನ್ ನಿರ್ದೋಷಿಯೆಂದು ತೀರ್ಮಾನಿಸಿ, ತಪ್ಪನ್ನು ಬೆರಳಚ್ಚು ಮಾಡಿದವರ ತಲೆಗೆ ಕಟ್ಟುವ ಸಂಭವವಿದೆ. ಇದು ಆ ಬಡಪಾಯಿಗಳಿಗೆ ಮಾಡುವ ಅನ್ಯಾಯ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಕೋಶದ ಹಳೆಯ ಪ್ರತಿಗಳಲ್ಲಿ ಮದರಾಸು ವೇಳೆಯ ಘಟ್ಟ ಇರಲೇ ಇಲ್ಲ. ಅವುಗಳಲ್ಲಿ ಕಲ್ಕತ್ತದ 5 ಗಂಟೆ 53 ನಿಮಿಷ 20 ಸೆಕೆಂಡಿನ ವೇಳೆಯೇ 1941ರವರೆಗೆ ನಡೆದಿತ್ತು. ಅದರ ಪ್ರಕಾರ ಲೆಕ್ಕ ಹಾಕಿದರೆ ಕುವೆಂಪು ಅವರ ಕ್ಷಣವು ಡಿಸೆಂಬರ್ 29ರ 0 ಗಂಟೆ 23 ನಿಮಿಷ 20 ಸೆಕೆಂಡು ಆಗುತ್ತದೆ, ದಿನಾಂಕ ಸರಿಯಾಗಿಯೇ ಉಳಿಯುತ್ತದೆ. ದಕ್ಷಿಣದವರ ಮಟ್ಟಿಗೆ ಕೋಶವನ್ನು ಸತ್ಯಕ್ಕೆ ಹತ್ತಿರ ತಂದ ತಿದ್ದುಪಡಿಯೇ ಪುಟದಲ್ಲಿ ಅಸತ್ಯವನ್ನು ಮೂಡಿಸಿತು. ತಾಣದಲ್ಲಿ ಒಂದಕ್ಷರವನ್ನೂ ಯಾರೂ ಬದಲಿಸದಿರುವಾಗ, ಸರ್ವರಿನ ಭಾಷೆಯನ್ನು ಹೊಸ ಆವೃತ್ತಿಗೆ ಏರಿಸಿದ ಮಾತ್ರಕ್ಕೆ ದಿನಾಂಕಗಳು ಸರಿದಾಡುವುದರ ಕಾರಣ ಇದು. ಎರಡು ತಪ್ಪುಗಳು ಒಂದನ್ನೊಂದು ಮರೆಮಾಡಿಕೊಂಡಿದ್ದ ಸ್ಥಿತಿ. ಒಂದು ಸರಿಹೋಯಿತು, ಇನ್ನೊಂದು ಹೊರಬಿದ್ದಿತು. ಮಾತೃಕೆಯ ಒಂದು ಸ್ಖಾಲಿತ್ಯವನ್ನು ತಿದ್ದಹೊರಟ ಲಿಪಿಕಾರನು ಅದರೊಡನೆ ಹೊಂದಿಕೊಂಡಿದ್ದ ಪಕ್ಕದ ಪಾಠವನ್ನು ಹಾಗೆಯೇ ಬಿಟ್ಟರೆ ಪದ್ಯ ಹಿಂದಿಗಿಂತ ಹೆಚ್ಚು ಕೆಡುವುದಷ್ಟೆ. ಇಲ್ಲಿ ನಡೆದುದೂ ಅದೇ.

ಹಾಗಾದರೆ ಈಗಿನ ಕೋಶವಾದರೂ ಕನ್ನಡ ನಾಡಿನ ಮಟ್ಟಿಗೆ ನಿಜವೇ ಎಂಬ ಪ್ರಶ್ನೆ ಏಳುತ್ತದೆ. ಕೋಶದ ನಿಯಮದಂತೆ 1970ರಿಂದೀಚೆಗೆ ಒಂದೇ ಗಡಿಯಾರವನ್ನು ಅನುಸರಿಸಿದ ಪ್ರದೇಶಗಳಿಗೆ ಪ್ರತ್ಯೇಕ ನಮೂದು ದೊರೆಯುವುದಿಲ್ಲ. ಕಲ್ಕತ್ತ ನಗರವು ತನ್ನ ವೇಳೆಯನ್ನು 1948ರವರೆಗೂ ಬೊಂಬಾಯಿ ನಗರವು 1955ರವರೆಗೂ ಬಿಟ್ಟುಕೊಡಲಿಲ್ಲ. ಆ ಹಟದ ಕಥೆಗೆ ನಮೂದಿನಲ್ಲಿ ಸ್ಥಳವಿಲ್ಲ. ಮಂಜೇಶ್ವರದಲ್ಲಿ ಹುಟ್ಟಿದ ಗೋವಿಂದ ಪೈಗಳು ಮದರಾಸು ಆಧಿಪತ್ಯದವರು, ಧಾರವಾಡದ ಬೇಂದ್ರೆಯವರು ಬೊಂಬಾಯಿ ಆಧಿಪತ್ಯದವರು, ಕುವೆಂಪು ಮೈಸೂರು ಸಂಸ್ಥಾನದವರು. ಮೂವರಿಗೂ ಗಣಕವು ನುಂಗಂಬಾಕ್ಕಂ ವೇಳೆಯನ್ನೇ ಹಂಚುತ್ತದೆ. ಮಲೆನಾಡಿನ ಮನೆಯಲ್ಲಿ ಅಂದು ಜಾತಕ ಬರೆದದ್ದು ಸೂರ್ಯೋದಯಾದಿ ಘಟಿಗಳಿಂದಲೇ ಹೊರತು ರೈಲ್ವೆ ಗಡಿಯಾರದಿಂದಲ್ಲ. ಅಲ್ಲಿ ದಿನ ಮೊದಲಾಗುವುದೇ ಮಧ್ಯರಾತ್ರಿಯಲ್ಲಲ್ಲ. ಸೆಕೆಂಡಿನವರೆಗೆ ನಿಖರವಾಗಿ ಕಾಣುವ ಗಣಕದ ಉತ್ತರವು ಹೀಗೆ ಯಾರೂ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ.

ಶಾಸನಗಳ ವಿಷಯದಲ್ಲಿ ಇದಕ್ಕಿಂತ ವಿಚಿತ್ರವಾದ ಸನ್ನಿವೇಶ ಒದಗುತ್ತದೆ. 1582ಕ್ಕೆ ಹಿಂದಿನ ಶಾಸನಗಳ ಕ್ರಿಸ್ತಶಕ ದಿನಾಂಕವನ್ನು ವಿದ್ವಾಂಸರು ರೂಢಿಯಾಗಿ ಜೂಲಿಯನ್ ಪಂಚಾಂಗದಲ್ಲಿ ಕೊಡುತ್ತಾರೆ. ಪಿಎಚ್‌ಪಿಯ ಸಾಮಾನ್ಯ ದಿನಾಂಕ ವಿಧಿಗಳು ಇಂದಿನ ಗ್ರೆಗೋರಿಯನ್ ಪಂಚಾಂಗವನ್ನೇ ಅನಾದಿಯವರೆಗೆ ಹಿಂದಕ್ಕೆಳೆಯುತ್ತವೆ. ಹತ್ತನೆಯ ಶತಮಾನದಲ್ಲಿ, ಅಂದರೆ ಪಂಪನ ಕಾಲದಲ್ಲಿ, ಇವೆರಡರ ಅಂತರ ಐದು ದಿನ. ಗಣಕ ಹೇಳುವ ವಾರವು ಶಾಸನದ ವಾರಕ್ಕೆ ಹೊಂದುವುದಿಲ್ಲ, ತಪ್ಪು ತಾನಾಗಿ ಬಯಲಾಗುತ್ತದೆ. ಆದರೆ 1100ರ ಮಾರ್ಚ್‌ನಿಂದ 1300ರ ಫೆಬ್ರವರಿಯವರೆಗೆ ಅಂತರ ಸರಿಯಾಗಿ ಏಳು ದಿನ. ಆದ್ದರಿಂದ ಕಲ್ಯಾಣದ ಶರಣರ ಕಾಲದ ಶಾಸನವೊಂದರ ವಾರವನ್ನು ಇಂಥ ಪ್ಲಗಿನ್‌ನಿಂದ ಪರೀಕ್ಷಿಸಿದರೆ ವಾರ ಸರಿಯಾಗಿಯೇ ಬರುತ್ತದೆ. ಚಂದ್ರನ ತಿಥಿಯನ್ನೂ ಅದೇ ಲೆಕ್ಕದಿಂದ ಪಡೆಯಹೊರಟಾಗ ಮಾತ್ರ ಒಂದು ವಾರದ ವ್ಯತ್ಯಾಸ ತಲೆದೋರುತ್ತದೆ. ತಿಥಿ ತಾಳೆಯಾಗಲಿಲ್ಲವೆಂದು ನಿರ್ದೋಷಿಯಾದ ಶಾಸನವನ್ನು ಕೂಟಶಾಸನವೆಂದು ಶಂಕಿಸುವ ಮುನ್ನ ಪರೀಕ್ಷಕನು ತಾನು ಬಳಸಿದ ಪಂಚಾಂಗ ಯಾವುದೆಂದು ಕೇಳಿಕೊಳ್ಳಬೇಕು.

ಪರಿಹಾರ ಕಷ್ಟದ್ದಲ್ಲ. ಜನ್ಮದಿನವು ಒಂದು ದಿನ, ಅದು ಕ್ಷಣವಲ್ಲ. ಅದನ್ನು ಸೆಕೆಂಡುಗಳ ಎಣಿಕೆಯಾಗಿ ಪರಿವರ್ತಿಸದೆ ವರ್ಷ, ತಿಂಗಳು, ದಿನಗಳೆಂಬ ಮೂರು ಅಂಕಿಗಳಾಗಿಯೇ ಇಟ್ಟು ಹಾಗೆಯೇ ತೋರಿಸಿದರೆ ಯಾವ ಕಾಲವಲಯವೂ ಅದನ್ನು ಮುಟ್ಟಲಾರದು. ದತ್ತಾಂಶ ಕೋಶಗಳಲ್ಲಿ ಇದಕ್ಕಾಗಿಯೇ ದಿನಾಂಕದ ಅಂಕಣವುಂಟು. ಮೈಎಸ್‌ಕ್ಯೂಎಲ್‌ನಲ್ಲಿ ಅದರ ಅಂಗೀಕೃತ ವ್ಯಾಪ್ತಿ ಕ್ರಿ.ಶ. 1000ದಿಂದ ಮೊದಲಾಗುವುದರಿಂದ ಕವಿರಾಜಮಾರ್ಗದ ಕಾಲಕ್ಕೂ ಹಲ್ಮಿಡಿಯ ಕಾಲಕ್ಕೂ ಬರಿಯ ಅಕ್ಷರರೂಪದ ಅಂಕಣವನ್ನೇ ಆಶ್ರಯಿಸಬೇಕಾಗುತ್ತದೆ. ಆ ಕಾಲಗಳಿಗೆ ನಿಶ್ಚಿತ ದಿನವೂ ಇಲ್ಲವಾದ್ದರಿಂದ ನಷ್ಟವೇನಿಲ್ಲ.

ಈಗಾಗಲೇ ನಡೆಯುತ್ತಿರುವ ತಾಣದಲ್ಲಿ ಈ ದೋಷವಿದೆಯೇ ಎಂದು ತಿಳಿಯಲು ಎರಡು ದಿನಾಂಕಗಳು ಸಾಕು. 1905ರ ಡಿಸೆಂಬರ್ 31 ಮತ್ತು 1906ರ ಜನವರಿ 2, ಇವೆರಡನ್ನೂ ಅಡ್ಡಗೆರೆಗಳೊಡನೆ ದಾಖಲಿಸಿ ಪುಟವನ್ನು ತೆರೆದು ನೋಡಬೇಕು. ಎರಡನೆಯದು ಇದ್ದಂತೆಯೇ ಇದ್ದು ಮೊದಲನೆಯದು ಡಿಸೆಂಬರ್ 30 ಎಂದು ಕಂಡರೆ ತಪ್ಪು ಬೆರಳಚ್ಚಿನದಲ್ಲ, ಆಕರದ್ದೂ ಅಲ್ಲ. ಇವೆರಡರ ನಡುವಣ ಜನವರಿ 1ನ್ನು ಪರೀಕ್ಷೆಗೆ ಬಳಸಬಾರದು. ಐದೂವರೆ ಗಂಟೆ ಕಳೆದು ಕೂಡಿಟ್ಟ ಅದರ ಮಧ್ಯರಾತ್ರಿಯು ಕೋಶದ ಪ್ರಕಾರ ಮದರಾಸು ವೇಳೆ ಮುಗಿಯಲು ಇನ್ನೂ 8 ನಿಮಿಷ 50 ಸೆಕೆಂಡು ಇರುವಾಗಲೇ ಬರುವುದರಿಂದ ಅದೂ ಒಂದು ದಿನ ಹಿಂದಕ್ಕೆ ಸರಿಯುತ್ತದೆ.