ಹೊಟ್ಟೆಯ ಹಸಿವು, ಮನಸ್ಸಿನ ಹಸಿವು

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಿರಿ)



ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ನಮ್ಮ ನೆರೆಹೊರೆಯಲ್ಲೂ ಇರಬಹುದು. ಒಂದೆರಡು ವರ್ಷ ಕಳೆದ ಮೇಲೆ ಅವರ ಬಗ್ಗೆ ಒಂದು ಮಾತು ಕೇಳಿಬರುತ್ತದೆ: "ಅಷ್ಟು ದುಡ್ಡು ಸುರಿದ್ರು, ಬಾಯಿ ಚಪಲ ಮಾತ್ರ ಬಿಡ್ಲಿಲ್ಲ." ಈ ಮಾತು ಸರಿಯೇ?

ಆಪರೇಷನ್‌ನಲ್ಲಿ ಆಗುವುದೇನು?

'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಆ ಭಾಗದಲ್ಲೇ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹೆಚ್ಚಿನವರಿಗೆ ಹಸಿವು ತೀರಾ ಕಡಿಮೆ. ತೂಕ ಬೇಗ ಇಳಿಯುತ್ತದೆ, ಕಂಡವರೆಲ್ಲ ಹೊಗಳುತ್ತಾರೆ. ಒಂದು, ಒಂದೂವರೆ ವರ್ಷದ ಹೊತ್ತಿಗೆ ಇಳಿಕೆ ನಿಧಾನವಾಗುತ್ತದೆ, ಹಸಿವು ಮರಳುತ್ತದೆ, ಹೊಗಳಿಕೆಯೂ ನಿಲ್ಲುತ್ತದೆ. ಆಮೇಲೆ ಸ್ವಲ್ಪ ತೂಕ ಏರುವುದು ಬಹಳ ಜನರಲ್ಲಿ ಕಾಣುವಂಥದ್ದೇ. ಉತ್ಸಾಹ ಕುಗ್ಗುವುದು ಈ ಹೊತ್ತಿನಲ್ಲಿ.

ಮನಸ್ಸಿಗೆ ಆಪರೇಷನ್ ಆಗಿಲ್ಲ

ಬೇಸರ, ಒಂಟಿತನ, ಮನೆಯ ಜಗಳ ಇವನ್ನೆಲ್ಲ ತಿಂದು ಮರೆಯುವ ಅಭ್ಯಾಸ ಎಷ್ಟೋ ವರ್ಷದ್ದು. ಆಪರೇಷನ್ ಆದ ಮೇಲೆ ಆ ಸಮಾಧಾನ ಕೈತಪ್ಪುತ್ತದೆ, ದುಃಖ ಮಾತ್ರ ಉಳಿಯುತ್ತದೆ. ಅನ್ನ ಹೆಚ್ಚು ಹಿಡಿಸೋದಿಲ್ಲ, ಆದರೆ ಐಸ್‌ಕ್ರೀಂ, ಚಾಕಲೇಟ್, ಮಿಕ್ಸ್ಚರ್ ಸಲೀಸಾಗಿ ಇಳಿಯುತ್ತವೆ. ಕೆಲವರು ದಿನವಿಡೀ ಸ್ವಲ್ಪ ಸ್ವಲ್ಪ ಮೆಲ್ಲತೊಡಗುತ್ತಾರೆ. ಆಮೇಲೆ ನಾಚಿಕೆಪಟ್ಟು ಡಾಕ್ಟರ್ ಹತ್ತಿರ ಹೋಗುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ತೂಕ ಏರುವ ಭಯಕ್ಕೆ ಊಟವನ್ನೇ ಬಿಡುತ್ತಾರೆ. ಎರಡೂ ಅಪಾಯ.

ಮಾಡಿಸಿಕೊಂಡವರು ಗಮನಿಸಬೇಕಾದದ್ದು

1. ಹೊಟ್ಟೆಯ ಹಸಿವು ನಿಧಾನ ಬರುತ್ತದೆ, ಗಂಜಿ ಕೊಟ್ಟರೂ ಸಾಕು ಅನ್ನುತ್ತದೆ. ಮನಸ್ಸಿನ ಹಸಿವು ತಟ್ಟನೆ ಬರುತ್ತದೆ, ಇಂಥದ್ದೇ ಬೇಕು ಅನ್ನುತ್ತದೆ. ತಿನ್ನುವ ಮೊದಲು "ಇದು ಯಾವ ಹಸಿವು?" ಎಂದು ಕೇಳಿಕೊಳ್ಳಿ.

2. ಸಂಘದ ಲೆಕ್ಕ ಬರೆಯುವಂತೆ ಏನು ತಿಂದಿರಿ, ಆಗ ಮನಸ್ಸು ಹೇಗಿತ್ತು ಎಂದು ಬರೆದಿಡಿ.

3. ಒಂದು ಕಂತು ತಪ್ಪಿತು ಅಂತ ಯಾರೂ ಸಂಘ ಬಿಡೋದಿಲ್ಲ. ಒಂದು ದಿನ ಪಥ್ಯ ತಪ್ಪಿದರೆ ಮುಂದಿನ ಊಟದಿಂದ ಸರಿಮಾಡಿಕೊಳ್ಳಿ.

4. ವಿಟಮಿನ್ ಮಾತ್ರೆ, ತಪಾಸಣೆ ಜೀವನಪೂರ್ತಿ ಬೇಕು. ಬಿ12, ಕಬ್ಬಿಣಾಂಶ ಕಡಿಮೆಯಾದರೂ ಸುಸ್ತು, ಮಂಕು ಬರುತ್ತದೆ. ಅದನ್ನು ಸೋಮಾರಿತನ ಎನ್ನಬೇಡಿ.

5. ಆಪರೇಷನ್ ಆದವರಿಗೆ ಮದ್ಯ ಬಹಳ ಬೇಗ ತಲೆಗೇರುತ್ತದೆ. ತಿನ್ನುವ ಚಟದ ಜಾಗಕ್ಕೆ ಕುಡಿತ ಬರದಿರಲಿ.

6. ಎರಡು ವಾರವಾದರೂ ದುಃಖ ಕಡಿಮೆಯಾಗದಿದ್ದರೆ ಡಾಕ್ಟರಿಗೆ ಹೇಳಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಾವು ಮಾಡಬೇಕಾದದ್ದು

"ಇನ್ನೊಂದು ಹೋಳಿಗೆ ಹಾಕ್ಕೊಳ್ಳಿ, ಏನೂ ಆಗಲ್ಲ" ಎಂದು ಬಲವಂತ ಮಾಡಬಾರದು. "ಎಷ್ಟು ಕೆಜಿ ಇಳಿದ್ರಿ?" ಎಂದು ಸಿಕ್ಕಾಗಲೆಲ್ಲ ಕೇಳಬಾರದು. "ಹೇಗಿದ್ದೀರಿ ಅಕ್ಕಾ, ಸಾಯಂಕಾಲ ನಡೆಯೋಕೆ ಹೋಗೋಣ್ವಾ?" ಅನ್ನಿ. ಜೊತೆಗೆ ಒಬ್ಬರಿದ್ದರೆ ಕುಗ್ಗಿದ ಮನಸ್ಸೂ ಎದ್ದು ಹೊರಡುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಬೇಸರವಾದಾಗ ನಾವು ಏನು ಮಾಡುತ್ತೇವೆ? ತಿನ್ನುವುದು ಬಿಟ್ಟು ಬೇರೇನು ಮಾಡಬಹುದು?

2. ಒಬ್ಬರ ಮೈಕಟ್ಟಿನ ಬಗ್ಗೆ ನಾವಾಡುವ ತಮಾಷೆ ಅವರಿಗೆ ಹೇಗೆ ಕೇಳಿಸುತ್ತದೆ?

3. ಇಂಥ ಸಹೋದರಿ ನಮ್ಮ ಸಂಘದಲ್ಲಿದ್ದರೆ ಈ ವಾರ ಅವರಿಗಾಗಿ ಏನು ಮಾಡೋಣ?