ಏಳು ಇಂಚಿನ ಪ್ಲೇಟುಗಳ ಜೊತೆ ಮೂವತ್ತು ವರ್ಷ

1993ರ ಒಂದು ಭಾನುವಾರ. ಚಿಕ್ಕಪೇಟೆ ಕಡೆಯ ಸಂಡೆ ಬಜಾರಿನಲ್ಲಿ, ಗೋಣಿತಾಟಿನ ಮೇಲೆ ಹರಡಿದ್ದ ತುಕ್ಕು ಸ್ಪ್ಯಾನರುಗಳ ಪಕ್ಕ, ಸಣಬಿನ ದಾರದಲ್ಲಿ ಬಿಗಿದ ಇಪಿಗಳ ಒಂದು ಕಟ್ಟು ಕಂಡಿತು. ಏಳು ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ, ಒಂದೊಂದು ಬದಿಗೆ ಸಾಮಾನ್ಯವಾಗಿ ಎರಡೆರಡು ಹಾಡು ಹಿಡಿಸುವ ಪ್ಲೇಟುಗಳು. ಒಂದಕ್ಕೆ 5 ರೂಪಾಯಿ. ಎಲ್ಲಕ್ಕಿಂತ ಮೇಲೆ ‘ನಾಗರಹಾವು’. ಆಗ ಕ್ಯಾಸೆಟ್ಟಿನ ಕಾಲ; ಪ್ಲೇಟು ಹಾಕುವ ಪೆಟ್ಟಿಗೆಗಳನ್ನು ಜನ ಗುಜರಿಗೆ ಹಾಕುತ್ತಿದ್ದರು. ನನ್ನ ಬಳಿ ಪ್ಲೇಯರ್ ಕೂಡ ಇರಲಿಲ್ಲ. ಆದರೂ ಇಡೀ ಕಟ್ಟನ್ನು ಕೊಂಡು ತಂದೆ. ಅಂದಿನಿಂದ ಇಂದಿನವರೆಗೆ ಕಲಿತದ್ದನ್ನು, ಈಗ ಶುರುಮಾಡುವವರಿಗೆ ಉಪಯೋಗವಾಗಲೆಂದು ಬರೆದಿಡುತ್ತಿದ್ದೇನೆ.

1. ಪ್ಲೇಟಿಗಿಂತ ಮೊದಲು ಮುಳ್ಳಿನ ವಿಚಾರ

ನನ್ನ ಮೊದಲ ತಪ್ಪು ದೊಡ್ಡದು. ಹಿತ್ತಾಳೆ ಕೊಂಬಿನ, ಕೀ ಕೊಟ್ಟು ಓಡಿಸುವ ಗ್ರಾಮಾಫೋನ್ ಒಂದನ್ನು ‘ಹಳೇದು’ ಎಂದು ನಂಬಿ ಕೊಂಡೆ. ಅದರ ಮೇಲೆ ಆ ‘ನಾಗರಹಾವು’ ಇಪಿಯನ್ನೇ ಇಟ್ಟೆ. ಉಕ್ಕಿನ ಮುಳ್ಳು ಹಾಡನ್ನು ಅಕ್ಷರಶಃ ಉತ್ತುಹಾಕಿತು. ಪ್ಲೇಟಿನ ಅಂಚಿನಲ್ಲಿ ಬೂದು ಬಣ್ಣದ ಪಟ್ಟಿ ಮೂಡಿತು. ವಿಜಯಭಾಸ್ಕರ್ ಅವರ ವಾದ್ಯಮೇಳವಿದ್ದ ಜಾಗದಲ್ಲಿ ಬರೀ ಕರಕರ ಸದ್ದು ಉಳಿಯಿತು. ಆ ಪ್ಲೇಟು ಈಗಲೂ ನನ್ನ ಬಳಿ ಇದೆ.

ಕಾರಣ ಸರಳ. 78ರ ವೇಗದ ಪ್ಲೇಟುಗಳ ಗೆರೆ ಅಗಲ, ಅದಕ್ಕೆ ತುದಿ ಸುಮಾರು 3 ಸಾವಿರಾಂಶ ಇಂಚಿನ ಮುಳ್ಳು ಬೇಕು. 1948ರಲ್ಲಿ ಎಲ್‌ಪಿ, 1949ರಲ್ಲಿ 45ರ ಪ್ಲೇಟು ಬಂದಾಗ ಗೆರೆ ಕಿರಿದಾಯಿತು; ಅವಕ್ಕೆ 1 ಸಾವಿರಾಂಶ ಇಂಚು ಅಥವಾ ಅದಕ್ಕೂ ಸಣ್ಣ ತುದಿ ಬೇಕು. ಕೀ ಕೊಡುವ ಗ್ರಾಮಾಫೋನ್ ಮೇಲೆ ಇಪಿಯನ್ನೂ ಎಲ್‌ಪಿಯನ್ನೂ ಯಾವತ್ತೂ ಇಡಬೇಡಿ. ಪೇಟೆಗಳಲ್ಲಿ ಪ್ರವಾಸಿಗರಿಗೆ ಮಾರುವ ಹಿತ್ತಾಳೆ ಕೊಂಬಿನವು ಬಹುಪಾಲು ಈಚೆಗೆ ಜೋಡಿಸಿದವು, ಅವುಗಳ ಮೇಲೆ 78ನ್ನು ಇಡಲೂ ನನಗೆ ಮನಸ್ಸಾಗುವುದಿಲ್ಲ.

ಎಚ್‌ಎಂವಿ ಫಿಯೆಸ್ಟಾ, ಕ್ಯಾಲಿಪ್ಸೊದಂಥ ಪೆಟ್ಟಿಗೆಗಳು ನೋಡಲು ಚೆಂದ, ನೆನಪಿಗೆ ಹತ್ತಿರ. ಆದರೆ ಅವುಗಳ ತೋಳು ಭಾರ. ನೀಲಮಣಿಯ ಮುಳ್ಳು ಬೇಗ ಸವೆದು ಉಳಿಯಂತಾಗುತ್ತದೆ. ವಜ್ರದ ಮುಳ್ಳು ನೂರಾರು ಗಂಟೆ ಬಾಳುತ್ತದೆ. ಸುಮಾರು 2 ಗ್ರಾಂ ಭಾರದಲ್ಲಿ ಓಡುವ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವ, ಮುಳ್ಳು ಬದಲಿಸಲು ಬರುವ ಟರ್ನ್‌ಟೇಬಲ್ ಕೊಳ್ಳಿ. ಮೊದಲ ವರ್ಷ ಪ್ಲೇಟಿಗಿಡುವ ಹಣವನ್ನೆಲ್ಲ ಇದಕ್ಕೇ ಹಾಕಿದರೂ ನಷ್ಟವಿಲ್ಲ.

2. ಕೈಗೆ ತೆಗೆದುಕೊಂಡ ಕೂಡಲೇ ಅರಗೋ ವಿನೈಲೋ ಗೊತ್ತಾಗಬೇಕು

‘ಸ್ಕೂಲ್ ಮಾಸ್ಟರ್’ (1958), ‘ರಣಧೀರ ಕಂಠೀರವ’ (1960) ಕಾಲದ ಹತ್ತಿಂಚಿನ 78ಗಳು ಅರಗಿನವು. ಅರಗಿನ ಹುಳು ಕೊಟ್ಟ ಅಂಟಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದವು. ಭಾರ ಹೆಚ್ಚು, ಕೈಜಾರಿದರೆ ಹಂಚಿನಂತೆ ಒಡೆಯುತ್ತವೆ. ಬೇರೆ ದೇಶಗಳು 78 ಕೈಬಿಟ್ಟ ಮೇಲೂ ನಮ್ಮಲ್ಲಿ ಬಹಳ ಕಾಲ ಅವು ತಯಾರಾದವು. ಬೀಟಲ್ಸ್ ಹಾಡುಗಳೂ ಭಾರತದಲ್ಲಿ 78ರಲ್ಲಿ ಹೊರಬಂದಿದ್ದು, ಅವನ್ನು ಇಂದು ಹೊರದೇಶದ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಕರೆಂಟಿಲ್ಲದ ಊರುಗಳಲ್ಲಿ ಕೀ ಕೊಡುವ ಪೆಟ್ಟಿಗೆಯೇ ಗತಿಯಾಗಿದ್ದಾಗ ಇದು ಸಹಜ.

ಒಂದು ಮಾತು ಗೋಡೆಗೆ ಬರೆದಿಟ್ಟುಕೊಳ್ಳಿ: ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿಸಬಾರದು. ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ, ಹಾಡೂ ಅದರ ಜೊತೆ ಹೋಗುತ್ತದೆ.

3. ಕವರ್ ನೋಡಿ ಹಣ ಕೊಡಬೇಡಿ

‘ಎರಡು ಕನಸು’ ಕವರಿನೊಳಗೆ ಹಿಂದಿ ಭಜನೆ ಸಿಕ್ಕಿದೆ. ‘ಗಂಧದ ಗುಡಿ’ಯೊಳಗೆ ಏನೂ ಇರಲಿಲ್ಲ. ಅಂಗಡಿಯವರ ಮೋಸ ಎನ್ನುವುದಕ್ಕಿಂತ, ಒಂದು ಕಾಲದಲ್ಲಿ ಪ್ಲೇಟನ್ನು ಅವಸರದಲ್ಲಿ ಬದಲಿಸುತ್ತಿದ್ದವರ ಕೈಚಳಕ ಅದು. ಹೊರಗೆ ತೆಗೆದು, ಅಂಚು ಮತ್ತು ಲೇಬಲ್ ಮಾತ್ರ ಮುಟ್ಟುವಂತೆ ಹಿಡಿದು, ಬೆಳಕಿಗೆ ಓರೆಮಾಡಿ ನೋಡಿ. ಉಗುರಿಗೆ ಸಿಗದ ಗೀರು ಅಷ್ಟಾಗಿ ಕಾಡುವುದಿಲ್ಲ. ಗೀರೇ ಕಾಣದೆ ಇಡೀ ಮೈ ಮಂಕಾಗಿದ್ದರೆ ಮುಳ್ಳು ಅದನ್ನು ತಿಂದಿದೆ ಎಂದರ್ಥ, ಎಷ್ಟು ತೊಳೆದರೂ ಹೊಳಪು ಬಾರದು. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಜೇಡರ ಎಳೆಯಂಥ ಗುರುತುಗಳು ತುಂಬ ಇದ್ದರೆ, ಎಷ್ಟೋ ಸಲ ಕತ್ತಲಲ್ಲಿ ತೂತು ಹುಡುಕುತ್ತ ಅದನ್ನು ಇಳಿಸಿದ್ದಾರೆ.

ಹಾಗೆ ಇಳಿಸಿದವರಲ್ಲಿ ಹೆಚ್ಚಿನವರು ಮೈಕ್‌ಸೆಟ್ ಅಂಗಡಿಯವರು. ನಮ್ಮ ಕಡೆ ಒಳ್ಳೆಯ ಕನ್ನಡ ಇಪಿಗಳು ಸಿಗುವುದೂ ಅವರ ಹಳೆಯ ತಗಡಿನ ಟ್ರಂಕುಗಳಲ್ಲೇ. ಮದುವೆ, ಗಣೇಶನ ಚಪ್ಪರ, ಊರಹಬ್ಬಕ್ಕೆ ಹೊತ್ತು ತಿರುಗಿದ ಪ್ಲೇಟುಗಳವು. ಟೆಂಟ್ ಸಿನಿಮಾಗಳಲ್ಲಿ ಘಂಟಸಾಲ ಅವರ ವೆಂಕಟೇಶ್ವರನ ಹಾಡು ಲೌಡ್‌ಸ್ಪೀಕರಿನಲ್ಲಿ ಬಂತೆಂದರೆ ಇನ್ನೇನು ಆಟ ಶುರು, ಹೊಲದಿಂದ ಹೆಜ್ಜೆ ಹಾಕಬೇಕು. ಆ ಹಾಡಿನ ಪ್ಲೇಟು ನನಗೆ ಹಲವು ಸಿಕ್ಕಿವೆ, ಒಂದೂ ಹೊಸದರಂತಿಲ್ಲ. ಅಂಥವನ್ನು ನಾನು ಕಡಿಮೆ ದರ್ಜೆ ಎಂದು ಬಿಟ್ಟು ಬರುವುದಿಲ್ಲ. ತುಮಕೂರು ಕಡೆಯ ಒಬ್ಬ ಹಿರಿಯರು ಟ್ರಂಕು ಕೊಡುವಾಗ, “ಯಾವ ಊರಲ್ಲಿ ಯಾವ ಪ್ಲೇಟು ಎಷ್ಟು ಸಲ ಕೇಳಿದ್ರು ಅಂತ ನನಗೆ ಗೊತ್ತು ಸಾಮಿ” ಎಂದರು. ಅಂದು ನಾನು ಅದನ್ನು ಬರೆದುಕೊಳ್ಳಲಿಲ್ಲ. ಈಗ ಅವರಿಲ್ಲ.

4. ಲೇಬಲ್ ಓದುವುದನ್ನು ಕಲಿಯಿರಿ

ಸಂಗ್ರಹದ ನಿಜವಾದ ರುಚಿ ಇಲ್ಲಿದೆ. ಇವತ್ತು ಫೋನಿನಲ್ಲಿ ಹಾಡು ಕೇಳಿದರೆ ಸಿನಿಮಾದ ಹೆಸರು, ಹೆಚ್ಚೆಂದರೆ ಗಾಯಕರ ಹೆಸರು ಕಾಣುತ್ತದೆ. ಬರೆದವರ ಹೆಸರು ಎಷ್ಟೋ ಸಲ ಇರುವುದಿಲ್ಲ ಅಥವಾ ತಪ್ಪಿರುತ್ತದೆ. ಪ್ಲೇಟಿನ ಲೇಬಲ್ ಮೇಲೆ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಕು.ರಾ.ಸೀ., ಕಣಗಾಲ್ ಪ್ರಭಾಕರ ಶಾಸ್ತ್ರಿ — ಹೀಗೆ ಹೆಸರು ಅಚ್ಚಾಗಿರುತ್ತದೆ. ಯಾರು ಬರೆದದ್ದು ಎಂಬ ವಾದ ಬಂದರೆ ನಾನು ಮೊದಲು ಪೆಟ್ಟಿಗೆ ತೆರೆಯುತ್ತೇನೆ.

ಒಂದೇ ನಟನ ಪ್ಲೇಟುಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಿ. ರಾಜ್‌ಕುಮಾರ್ ಅವರ ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ದಾಟುವವರೆಗೆ ಲೇಬಲ್ ಮೇಲೆ ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ರಾಜ್‌ಕುಮಾರ್ ಹೆಸರೇ ಗಾಯಕರ ಜಾಗಕ್ಕೆ ಬರುತ್ತದೆ, ಬರಬರುತ್ತ ಅಲ್ಲೇ ನೆಲೆಯಾಗುತ್ತದೆ. ಈ ಮೂರಕ್ಕೂ ಸಂಗೀತ ಜಿ.ಕೆ. ವೆಂಕಟೇಶ್. ಅವರ ಬಳಿ ಸಹಾಯಕರಾಗಿದ್ದ ಇಳಯರಾಜ 1981ರ ‘ಗೀತಾ’ಕ್ಕೆ ಬರುವ ಹೊತ್ತಿಗೆ ಸಂಗೀತ ನಿರ್ದೇಶಕರ ಸಾಲಿನಲ್ಲಿದ್ದಾರೆ. ಇಷ್ಟೂ ಚರಿತ್ರೆ ಒಂದು ಶೆಲ್ಫಿನಲ್ಲಿ ನಿಂತಿರುತ್ತದೆ.

ಲೇಬಲ್ ಹೇಳದೆ ಬಿಡುವುದೂ ಬಹಳ. ಸಿತಾರ್ ಯಾರದು, ಅಕಾರ್ಡಿಯನ್ ಯಾರದು, ವಯೊಲಿನ್ ಸಾಲಿನಲ್ಲಿ ಯಾರಿದ್ದರು, ಒಂದೂ ಇಲ್ಲ. ಆ ಹಾಡುಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾದವು. ನುಡಿಸಿದವರು ಬೆಳಿಗ್ಗೆ ತಮಿಳು, ಮಧ್ಯಾಹ್ನ ಕನ್ನಡ ಎಂದು ದುಡಿದವರು. ಆ ಹೆಸರುಗಳು ದಾಖಲಾಗದೇ ಹೋದದ್ದು ಅನ್ಯಾಯ.

ಲೇಬಲ್ ಮೇಲಿನ ಇಸವಿ ಹಾಡು ಮೊದಲು ಪ್ರಕಟವಾದ ವರ್ಷ. ಮತ್ತೆ ಮತ್ತೆ ಒತ್ತಿದ ಪ್ರತಿಗಳಲ್ಲೂ ಅದೇ ಇರುತ್ತದೆ, ಅದನ್ನು ತೋರಿಸಿ ‘ಮೊದಲ ಅಚ್ಚು’ ಎಂದು ಯಾರಾದರೂ ಹೆಚ್ಚು ಕೇಳಿದರೆ ಒಪ್ಪಬೇಡಿ. ಹಾಡು ಮುಗಿದ ಮೇಲೆ ಉಳಿಯುವ ನುಣುಪು ಜಾಗದಲ್ಲಿ ಕೆತ್ತಿದ ಸಂಖ್ಯೆಯನ್ನು ಇನ್ನೊಂದು ಪ್ರತಿಯ ಜೊತೆ ಹೋಲಿಸಿ.

5. ಪ್ಲೇಟಿನ ಹಾಡು, ಪರದೆಯ ಹಾಡು ಬೇರೆಬೇರೆ

78ರ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷ, ಮೇಲೆ ಸ್ವಲ್ಪ. ಸಿನಿಮಾದಲ್ಲಿದ್ದ ಚರಣ ಪ್ಲೇಟಿನಲ್ಲಿ ಇಲ್ಲದಿರಬಹುದು, ಪ್ಲೇಟಿನಲ್ಲಿದ್ದದ್ದು ಪರದೆಯಲ್ಲಿ ಕತ್ತರಿ ಕಂಡಿರಬಹುದು. ‘ಸಂಧ್ಯಾರಾಗ’ (1966) ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ ಚಿತ್ರ. ಇಂಥದ್ದರ ಪ್ಲೇಟನ್ನು ಪರದೆಯ ಹಾಡಿನ ಜೊತೆ ಇಟ್ಟು ಒಂದು ಸಂಜೆ ಕೇಳಿ.

6. ತೊಳೆಯುವುದು, ಒಣಗಿಸುವುದು, ಮಳೆಗಾಲ

ವಿನೈಲಿಗೆ ಡಿಸ್ಟಿಲ್ಡ್ ವಾಟರ್, ಅದಕ್ಕೆ ಪರಿಮಳವಿಲ್ಲದ ಸೋಪುನೀರಿನ ಒಂದೇ ಹನಿ, ಮೆತ್ತನೆಯ ಬ್ರಷ್. ಗೆರೆ ಸುತ್ತಿದ ದಿಕ್ಕಿನಲ್ಲೇ ಉಜ್ಜಿ, ಅಡ್ಡಡ್ಡ ಬೇಡ. ಲೇಬಲ್ ನೆನೆಯದಂತೆ ನೋಡಿ. ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ತೊಳೆದು ಪೂರ್ತಿ ಒಣಗಿಸಿ. ಹಸಿ ಪ್ಲೇಟನ್ನು ಕವರಿಗೆ ಸೇರಿಸಿದರೆ ಬೂಷ್ಟನ್ನು ನೀವೇ ಕರೆದಂತೆ. ಮಂಗಳೂರು, ಶಿವಮೊಗ್ಗದ ಗೆಳೆಯರು ಜೂನ್ ಬಂತೆಂದರೆ ಇದೇ ಚಿಂತೆಯಲ್ಲಿರುತ್ತಾರೆ. ಹೊರಗೋಡೆಗೆ ತಾಗಿದ ಬೀರು ಬೇಡ. ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆಯಿರಿ. ಪಿವಿಸಿಯ ದಪ್ಪ ಹೊರಕವರು ವರ್ಷಗಳಲ್ಲಿ ಪ್ಲೇಟಿನ ಮೇಲೆ ಮಂಜಿನಂಥ ಕಲೆ ಬಿಡುತ್ತದೆ, ಪಾಲಿಥೀನಿನದು ವಾಸಿ. ಪ್ಲೇಟುಗಳು ನೆಟ್ಟಗೆ ನಿಲ್ಲಲಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ.

ಆಂಪ್ಲಿಫೈಯರಿನಲ್ಲಿ ಮೋನೊ ಸ್ವಿಚ್ ಇದ್ದರೆ ಹಳೆಯ ಮೋನೊ ಇಪಿಗೆ ಅದನ್ನು ಒತ್ತಿ. ಚಟಪಟ ಸದ್ದು ಅರ್ಧಕ್ಕರ್ಧ ಅಡಗಿ ಗಾಯಕಿ ಎಸ್. ಜಾನಕಿಯವರ ಉಸಿರೂ ಕೇಳುತ್ತದೆ.

7. ಅಂಗಡಿಗೆ ಬಾರದ ಸಂಗೀತವೂ ಇದೆ

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಒಮ್ಮೆ ಹಸಿರು ಕವರಿನ ಒಂದು ಎಲ್‌ಪಿ ಸಿಕ್ಕಿತು. ಸಿನಿಮಾದ ಹೆಸರಿಲ್ಲ, ಹಾಡುಗಾರರ ಚಿತ್ರವಿಲ್ಲ. ಹಿಂಬದಿಯಲ್ಲಿ ಒಂದೊಂದು ತುಣುಕಿಗೂ ನಿಮಿಷ, ಸೆಕೆಂಡು. ಪಕ್ಕದಲ್ಲಿ ‘ಬೆನ್ನಟ್ಟುವ ದೃಶ್ಯ’, ‘ನಗರದ ಗಡಿಬಿಡಿ’ ಎಂಬಂಥ ವಿವರಣೆ. ಅದು ಲಂಡನ್ನಿನ ಕೆಪಿಎಂ ಸಂಸ್ಥೆಯ ಲೈಬ್ರರಿ ಮ್ಯೂಸಿಕ್. ಸಿನಿಮಾ, ರೇಡಿಯೊ, ಟಿವಿ ತಯಾರಕರು ಶುಲ್ಕ ಕೊಟ್ಟು ಬಳಸಲೆಂದೇ ಮುಂಚಿತವಾಗಿ ಮಾಡಿಟ್ಟ ಸಂಗೀತ ಅದು, ಜನರಿಗೆ ಮಾರಲು ಒತ್ತಿದ್ದಲ್ಲ. 1909ರಲ್ಲಿ ಶುರುವಾದ ಡಿ ವುಲ್ಫ್ ಈ ಕಸುಬಿನ ಹಿರಿಯ ಮನೆ. ಕೆಪಿಎಂಗೆ ಬರೆದ ಅಲನ್ ಹಾಕ್‌ಶಾ, ಕೀತ್ ಮ್ಯಾನ್ಸ್‌ಫೀಲ್ಡ್ ಅವರ ತುಣುಕುಗಳನ್ನು ಇಂಗ್ಲೆಂಡಿನ ಒಂದು ಪೀಳಿಗೆ ಹೆಸರು ಗೊತ್ತಿಲ್ಲದೆಯೇ ದಿನವೂ ಕೇಳುತ್ತಿತ್ತು.

ಅದನ್ನು ಕೇಳಿದ ಮೇಲೆ ನನಗೆ ಹೊಳೆದದ್ದು ನಮ್ಮ ಕೊರತೆ. ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿಐಡಿ 999’ (1968) ಚಿತ್ರಗಳಲ್ಲಿ ಜಿ.ಕೆ. ವೆಂಕಟೇಶ್ ಕೊಟ್ಟ ಹಿನ್ನೆಲೆ ಸಂಗೀತ ಅಷ್ಟೇ ಚುರುಕು, ಅಷ್ಟೇ ಗತ್ತಿನದು. ಆದರೆ ನಮ್ಮ ಇಪಿಗಳಿಗೆ ಇಳಿದದ್ದು ಹಾಡುಗಳು. ಹಿನ್ನೆಲೆ ಸಂಗೀತ ಉಳಿದಿರುವುದು ಸಿನಿಮಾದ ಪ್ರತಿಯೊಳಗೆ, ಮಾತು ಮತ್ತು ಗುಂಡಿನ ಸದ್ದಿನ ಕೆಳಗೆ. ಹಳೆಯ ಸಿನಿಮಾ ನೋಡುವಾಗ ಟೈಟಲ್ ಕಾರ್ಡ್ ಓಡುವ ಹೊತ್ತನ್ನು ದಾಟಿಸಿಬಿಡಬೇಡಿ, ಅಲ್ಲಿ ಒಂದೆರಡು ನಿಮಿಷ ಆ ಸಂಗೀತ ತಡೆಯಿಲ್ಲದೆ ಸಿಗುತ್ತದೆ.

8. ಪಾರ್ಸೆಲ್

ಕೋಲ್ಕತ್ತಾದ ಫ್ರೀ ಸ್ಕೂಲ್ ಸ್ಟ್ರೀಟಿನಿಂದ ತರಿಸುವುದಿರಲಿ, ಹುಬ್ಬಳ್ಳಿಯಿಂದ ತರಿಸುವುದಿರಲಿ, ಪ್ಲೇಟನ್ನು ಕವರಿನಿಂದ ಹೊರತೆಗೆದು ಪಕ್ಕದಲ್ಲಿಟ್ಟು, ಎರಡೂ ಕಡೆ ದಪ್ಪ ರಟ್ಟು ಕೊಟ್ಟು ಕಟ್ಟಲು ಹೇಳಿ. ಒಳಗಿದ್ದರೆ ಕುಲುಕಾಟಕ್ಕೆ ಕವರಿನ ಅಂಚು ಸೀಳುತ್ತದೆ. ಅರಗಿನ 78ಗಳನ್ನು ನಾನು ಈಗ ಪಾರ್ಸೆಲ್‌ನಲ್ಲಿ ತರಿಸುವುದೇ ಇಲ್ಲ. ಒಮ್ಮೆ ಆರು ತರಿಸಿದೆ, ಪೆಟ್ಟಿಗೆ ತೆರೆದಾಗ ನಾಲ್ಕು ಚೂರಾಗಿದ್ದವು. ಬಸ್ಸು ಹತ್ತಿ ಹೋಗಿ, ತೊಡೆಯ ಮೇಲಿಟ್ಟುಕೊಂಡು ಬರುವುದೇ ಸರಿ.

9. ಧ್ವನಿ ಇಳಿಸಿಕೊಳ್ಳಿ, ನೋಟ್‌ಬುಕ್ ಇಡಿ

ಪ್ರತಿ ಪ್ಲೇಟನ್ನೂ ತೊಳೆದು ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೂಲ ಕಡತದಲ್ಲಿ ಗೀಚು ಸದ್ದು ತೆಗೆಯಲು ಹೋಗಬೇಡಿ. ಸಾಫ್ಟ್‌ವೇರ್ ಅದರ ಜೊತೆಗೆ ತಂಬೂರಿಯನ್ನೂ ಒರೆಸುತ್ತದೆ. ಶುದ್ಧ ಮಾಡಿದ್ದು ಬೇರೆ ಪ್ರತಿಯಾಗಿರಲಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ; ಸಾಹಿತ್ಯ, ರಾಗಸಂಯೋಜನೆಯ ಹಕ್ಕು ಬೇರೆ. ಹಾಗಾಗಿ ಇಳಿಸಿದ್ದನ್ನು ಎಲ್ಲೆಂದರಲ್ಲಿ ಹಂಚುವ ಮುನ್ನ ಯೋಚಿಸಿ.

ನೋಟ್‌ಬುಕ್ಕಿನಲ್ಲಿ ಪ್ಲೇಟಿನ ಸಂಖ್ಯೆ, ಸಿಕ್ಕ ಊರು, ಕೊಟ್ಟವರು ಹೇಳಿದ ಮಾತು ಬರೆಯಿರಿ. ನಾನು ಇದನ್ನು ಹನ್ನೆರಡು ವರ್ಷ ತಡವಾಗಿ ಶುರುಮಾಡಿದೆ.

ನಿಮ್ಮ ಮನೆಯ ಅಟ್ಟದಲ್ಲಿ ಪ್ಲೇಟುಗಳ ಪೆಟ್ಟಿಗೆ ಇದ್ದರೆ ಗುಜರಿಯವರಿಗೆ ಕೊಡುವ ಮುನ್ನ ಒಂದು ಸಂಜೆ ಅದನ್ನು ಕೆಳಗಿಳಿಸಿ. ಎರಡೂ ಬದಿಯ ಲೇಬಲ್‌ಗಳ ಫೋಟೊ ತೆಗೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಯಾರು ಕೊಂಡದ್ದು, ಎಲ್ಲಿ ಕೊಂಡದ್ದು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಆ ಕವರಿನೊಳಗೇ ಇಡಿ.